ಇಂಜೆಕ್ಷನ್‌ಗೆ ರಕ್ತ ಸರಿಹೋದರೂ ಹೊಟ್ಟೆಯ ಜಗಳ ಯಾಕೆ ನಿಲ್ಲುವುದಿಲ್ಲ?

ಬಿ12 ವಿಟಮಿನ್ ಕಡಿಮೆ ಇದೆ ಅಂತ ರಿಪೋರ್ಟ್ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಊಟದಲ್ಲಿ ಏನು ಕಮ್ಮಿಯಾಯಿತು? ಕೇಳುವುದರಲ್ಲಿ ತಪ್ಪೇನಿಲ್ಲ. ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಂಥ ಪದಾರ್ಥಗಳಲ್ಲಿ. ಅವು ತಟ್ಟೆಗೆ ಬರದಿದ್ದರೆ ಕೊರತೆ ಬರುತ್ತದೆ. ಆದರೆ ಇವನ್ನೆಲ್ಲ ದಿನವೂ ತಿನ್ನುವವರಿಗೂ ಬಿ12 ತಳ ಮುಟ್ಟುವುದುಂಟು. ತಿಂದದ್ದು ಹೊಟ್ಟೆಗೆ ಹೋಗುತ್ತದೆ, ಮೈಗೆ ಸೇರುವುದಿಲ್ಲ. ನಡುವೆ ಅಡ್ಡ ನಿಂತಿರುವುದು ಅವರದೇ ರಕ್ಷಣಾ ಕೋಶಗಳು.

ಈ ಕಾಯಿಲೆಯ ಹೆಸರು ಪರ್ನಿಶಿಯಸ್ ಅನೀಮಿಯಾ, ಒಂದು ಬಗೆಯ ರಕ್ತಹೀನತೆ. ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ 1849ರಲ್ಲೇ ಇಂಥ ರೋಗಿಗಳ ಬಗ್ಗೆ ಹೇಳಿದ್ದರು. 1872ರಲ್ಲಿ ಆಂಟನ್ ಬೀರ್ಮರ್ ಇದಕ್ಕೆ 'ಪರ್ನಿಶಿಯಸ್' ಅಂತ ಹೆಸರಿಟ್ಟರು. ಪರ್ನಿಶಿಯಸ್ ಅಂದರೆ ಮಾರಕ. ಆಗ ಅದು ನಿಜವೇ ಆಗಿತ್ತು, ಬಂದವರು ಉಳಿಯುತ್ತಿರಲಿಲ್ಲ. ಈಗ ಕೆಲವು ಇಂಜೆಕ್ಷನ್‌ಗಳಲ್ಲಿ ರೋಗಿ ಎದ್ದು ಓಡಾಡುತ್ತಾರೆ. ಹೆಸರು ಮಾತ್ರ ಹಾಗೇ ಉಳಿದಿದೆ.

ಇಂಜೆಕ್ಷನ್ ಅಷ್ಟು ಚೆನ್ನಾಗಿ ಕೆಲಸ ಮಾಡುವುದೇ ಒಂದು ತೊಡಕೂ ಹೌದು ಅಂತ ನನಗೆ ಅನಿಸುತ್ತದೆ. ರಕ್ತ ಸರಿಹೋಯಿತು, ಕತೆ ಮುಗಿಯಿತು ಅಂದುಕೊಂಡುಬಿಡುತ್ತೇವೆ. ಹೊಟ್ಟೆಯಲ್ಲಿ ಜಗಳ ಶುರುಮಾಡಿದ ಕೋಶಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಇನ್ನೊಂದು ಗೊಂದಲವೂ ಇದೆ. ಈ ರೋಗಿಗಳ ರಕ್ತ ಪರೀಕ್ಷಿಸಿದರೆ ರಕ್ಷಣಾ ಕೋಶಗಳ ಲೆಕ್ಕ ಏರುಪೇರಾಗಿರುತ್ತದೆ. ಕೆಲವು ಕಡಿಮೆ, ಕೆಲವು ಮಂಕು. ಈ ಏರುಪೇರು ಕಾಯಿಲೆಯ ಕಾರಣವೋ, ಕಾಯಿಲೆಯ ಫಲವೋ? ಎರಡನ್ನೂ ಒಂದೇ ಚೀಲಕ್ಕೆ ಹಾಕಿ 'ಇಮ್ಯೂನಿಟಿ ಸಮಸ್ಯೆ' ಅಂತ ಕರೆಯುವುದು ಸುಲಭ. ಆದರೆ ಅವು ಬೇರೆಬೇರೆ. ಹೊಟ್ಟೆಯ ಗೋಡೆಯಲ್ಲಿ ನಡೆಯುವುದು ಕಾರಣ. ರಕ್ತದಲ್ಲಿ ಕಾಣುವ ಬದಲಾವಣೆಯಲ್ಲಿ ದೊಡ್ಡ ಪಾಲು ಬಿ12 ಇಲ್ಲದ್ದರ ಫಲ. ರಕ್ತದ್ದು ಇಂಜೆಕ್ಷನ್‌ಗೆ ಬಗ್ಗುತ್ತದೆ, ಹೊಟ್ಟೆಯದ್ದು ಬಗ್ಗುವುದಿಲ್ಲ.

ಹೊಟ್ಟೆಗೂ ರಕ್ತಕ್ಕೂ ಏನು ಸಂಬಂಧ ಅಂತ ತೋರಿಸಿಕೊಟ್ಟವರು ಅಮೆರಿಕದ ವಿಲಿಯಂ ಕ್ಯಾಸಲ್. 1920ರ ದಶಕದ ಕೊನೆಯಲ್ಲಿ ಅವರು ಮಾಡಿದ ಪ್ರಯೋಗ ಕೇಳಿದರೆ ಹೊಟ್ಟೆ ತೊಳಸುತ್ತದೆ. ಅವರೇ ಸುಮಾರು 300 ಗ್ರಾಂ ಅರೆಬೆಂದ ದನದ ಮಾಂಸ ತಿಂದರು. ಸ್ವಲ್ಪ ಹೊತ್ತು ಬಿಟ್ಟು ಅದನ್ನು ಹೊಟ್ಟೆಯಿಂದ ಹೊರಗೆ ತೆಗೆದರು. ಅದನ್ನು ಇನ್ನಷ್ಟು ಜೀರ್ಣವಾಗಲು ಬಿಟ್ಟು, ಕೊಳವೆಯ ಮೂಲಕ ರೋಗಿಗಳ ಹೊಟ್ಟೆಗೆ ಹಾಕಿದರು. ಬರೀ ಮಾಂಸ ತಿಂದಾಗ ಚೇತರಿಸಿಕೊಳ್ಳದ ರೋಗಿಗಳು, ಆರೋಗ್ಯವಂತರ ಹೊಟ್ಟೆಯೊಳಗೆ ಹೋಗಿ ಬಂದ ಮಾಂಸಕ್ಕೆ ಚೇತರಿಸಿಕೊಂಡರು. ಅಂದರೆ ಆರೋಗ್ಯವಂತರ ಜಠರದಲ್ಲಿ ಏನೋ ಒಂದು ಇದೆ, ರೋಗಿಗಳ ಜಠರದಲ್ಲಿ ಅದು ಇಲ್ಲ. ಕ್ಯಾಸಲ್ ಅದನ್ನು ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂದು ಕರೆದರು. ಮಾಂಸದಲ್ಲಿದ್ದ ಇನ್ನೊಂದು ವಸ್ತು ಬಿ12 ಅಂತ ಗೊತ್ತಾಗಿದ್ದು 1948ರಲ್ಲಿ.

ಇಂಟ್ರಿನ್ಸಿಕ್ ಫ್ಯಾಕ್ಟರ್ ಒಂದು ಪ್ರೋಟೀನು. ಬಿ12 ಅನ್ನು ಕೈಹಿಡಿದು ಸಣ್ಣ ಕರುಳಿನ ಕೊನೆಯ ಭಾಗದವರೆಗೆ ಕರೆದೊಯ್ಯುವುದು ಅದರ ಕೆಲಸ. ಅಲ್ಲಿನ ಗೋಡೆಯಲ್ಲಿರುವ ಗ್ರಾಹಕಗಳು ಇಬ್ಬರನ್ನೂ ಜೊತೆಯಾಗಿ ನೋಡಿದರೆ ಮಾತ್ರ ಬಾಗಿಲು ತೆಗೆಯುತ್ತವೆ. ಜೊತೆಗಾರ ಇಲ್ಲದೆ ಬಂದ ಬಿ12ನಲ್ಲಿ ನೂರಕ್ಕೆ ಸುಮಾರು 1 ಪಾಲು ಮಾತ್ರ ಹೇಗೋ ನುಸುಳಿಕೊಂಡು ಒಳಗೆ ಹೋಗುತ್ತದೆ. ಈ ಪ್ರೋಟೀನನ್ನು ತಯಾರಿಸುವುದು ಜಠರದ ಮೇಲ್ಭಾಗದ ಗೋಡೆಯಲ್ಲಿರುವ ಪರೈಟಲ್ ಕೋಶಗಳು. ಜಠರದ ಆಮ್ಲ ಸುರಿಸುವುದೂ ಇವೇ. ಆಮ್ಲವನ್ನು ಹೊರಗೆ ತಳ್ಳಲು ಇವುಗಳಲ್ಲಿ ಪ್ರೋಟಾನ್ ಪಂಪ್ ಎಂಬ ಪ್ರೋಟೀನು ಇದೆ. ಎಸಿಡಿಟಿಗೆ ನುಂಗುವ ಒಮೆಪ್ರಜೋಲ್ ತಡೆಯುವುದು ಇದೇ ಪಂಪನ್ನು. ಪರ್ನಿಶಿಯಸ್ ಅನೀಮಿಯಾದಲ್ಲಿ ರಕ್ಷಣಾ ಕೋಶಗಳು ಗುರಿಯಿಡುವುದೂ ಇದೇ ಪಂಪಿಗೆ. ಇದು 1980ರ ದಶಕದ ಕೊನೆಯಲ್ಲಿ ಸ್ಪಷ್ಟವಾಯಿತು.

ಯಾರು ಹೊಡೆಯುತ್ತಿದ್ದಾರೆ?

ಈ ರೋಗಿಗಳ ರಕ್ತದಲ್ಲಿ ಪ್ರತಿಕಾಯಗಳು, ಅಂದರೆ ಗುರಿಗೆ ಅಂಟಿಕೊಳ್ಳುವ ರಕ್ಷಣಾ ಪ್ರೋಟೀನುಗಳು (ಆಂಟಿಬಾಡಿ), ಸಿಗುತ್ತವೆ ಅಂತ 1960ರ ಆಸುಪಾಸಿನಿಂದಲೇ ಗೊತ್ತು. ಪರೈಟಲ್ ಕೋಶದ ವಿರುದ್ಧದ ಪ್ರತಿಕಾಯ ನೂರಕ್ಕೆ 80ರಿಂದ 90 ರೋಗಿಗಳಲ್ಲಿ ಇರುತ್ತದೆ. ಇಂಟ್ರಿನ್ಸಿಕ್ ಫ್ಯಾಕ್ಟರ್ ವಿರುದ್ಧದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನರಲ್ಲಿ. ಹಾಗಾಗಿ ಪ್ರತಿಕಾಯಗಳೇ ಕೋಶಗಳನ್ನು ಕೊಲ್ಲುತ್ತಿವೆ ಅಂತ ಬಹಳ ದಿನ ಅಂದುಕೊಂಡಿದ್ದರು.

ಆದರೆ ಲೆಕ್ಕ ಕೂಡುವುದಿಲ್ಲ. ಆ ಪಂಪ್ ಇರುವುದು ಕೋಶದ ಒಳಗಿನ ಸಣ್ಣ ಕಾಲುವೆಗಳ ಗೋಡೆಯಲ್ಲಿ. ರಕ್ತದಲ್ಲಿ ತೇಲುವ ಪ್ರತಿಕಾಯಕ್ಕೆ ಅದು ಸುಲಭಕ್ಕೆ ಸಿಗುವುದಿಲ್ಲ. ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿದೆ. ಪ್ರತಿಕಾಯಗಳನ್ನು ತಯಾರಿಸಲಿಕ್ಕೇ ಆಗದ ಹುಟ್ಟು ತೊಂದರೆ ಕೆಲವರಿಗೆ ಇರುತ್ತದೆ. ಅಂಥವರಿಗೂ ಈ ಕಾಯಿಲೆ ಬರುತ್ತದೆ, ಅದೂ ಚಿಕ್ಕ ವಯಸ್ಸಿನಲ್ಲೇ. ಕೈಯಲ್ಲಿ ಆಯುಧವೇ ಇಲ್ಲದವರ ಮನೆಯಲ್ಲೂ ಕೊಲೆ ನಡೆದಿದೆ ಅಂದರೆ ಕೊಲೆಗಾರ ಬೇರೆ ಯಾರೋ ಇದ್ದಾರೆ, ಅಲ್ವಾ?

ಆ ಬೇರೆಯವರು ಟಿ ಕೋಶಗಳು ಎಂಬ ರಕ್ಷಣಾ ಕೋಶಗಳು. ಮುಖ್ಯವಾಗಿ ಸಿಡಿ4 ಗುಂಪಿನವು. ಇಲಿಗಳಲ್ಲಿ ಇದರ ದಾರಿ ಸಾಕಷ್ಟು ಸ್ಪಷ್ಟವಾಗಿ ಕಂಡಿದೆ. ಪರೈಟಲ್ ಕೋಶಗಳು ಆಯಸ್ಸು ಮುಗಿದು ಸಾಯುವುದು ದಿನನಿತ್ಯದ ಸಂಗತಿ. ಸತ್ತ ಕೋಶದ ಚೂರುಗಳನ್ನು ಡೆಂಡ್ರಿಟಿಕ್ ಕೋಶಗಳು ಎತ್ತಿಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತವೆ. ಅಲ್ಲಿ ಟಿ ಕೋಶಗಳಿಗೆ 'ಇದು ನಮ್ಮದು, ನೋಡಿಕೊಳ್ಳಿ' ಅನ್ನುವಂತೆ ತೋರಿಸುತ್ತವೆ. ಸಾಮಾನ್ಯವಾಗಿ ಟಿ ಕೋಶಗಳು ಸುಮ್ನೆ ಇರುತ್ತವೆ. ಈ ಕಾಯಿಲೆಯಲ್ಲಿ ಸುಮ್ಮನಿರುವುದಿಲ್ಲ. ಪಂಪಿನ ಚೂರನ್ನು ಶತ್ರು ಅಂತ ತಿಳಿದು, ಸಂಖ್ಯೆ ಬೆಳೆಸಿಕೊಂಡು, ಜಠರದ ಗೋಡೆಗೆ ನುಗ್ಗುತ್ತವೆ.

ಮನುಷ್ಯರಲ್ಲೂ ಇದಕ್ಕೆ ಪುರಾವೆ ಇದೆ. ರೋಗಿಗಳ ಜಠರದಿಂದ ತೆಗೆದ ಚೂರುಗಳಲ್ಲಿ ಈ ಪಂಪನ್ನೇ ಗುರುತಿಸುವ ಟಿ ಕೋಶಗಳು ಸಿಕ್ಕಿವೆ. ಅವು ಇಂಟರ್‌ಫೆರಾನ್ ಗಾಮಾ ಎಂಬ ಉರಿಯೂತದ ಸಂದೇಶ ಹೊರಡಿಸುತ್ತವೆ. ಕೆಲವು ಪರ್ಫೋರಿನ್ ಬಳಸಿ ಎದುರಿನ ಕೋಶಕ್ಕೆ ತೂತು ಕೊರೆಯಬಲ್ಲವು. ಇನ್ನು ಕೆಲವು ಅದಕ್ಕೆ ಸಾಯುವ ಸೂಚನೆ ಕೊಡಬಲ್ಲವು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಜಠರದ ಬ್ಯಾಕ್ಟೀರಿಯಾ ಸೋಂಕೂ ಇರುವವರಲ್ಲಿ ಇನ್ನೊಂದು ಸ್ವಾರಸ್ಯ ಕಂಡಿತು. ಪಂಪನ್ನೂ ಆ ಬ್ಯಾಕ್ಟೀರಿಯಾದ ಪ್ರೋಟೀನನ್ನೂ ಎರಡನ್ನೂ ಗುರುತಿಸುವ ಟಿ ಕೋಶಗಳು ಅವರಲ್ಲಿದ್ದವು. ಹೊರಗಿನವನನ್ನು ಹುಡುಕುತ್ತಾ ಹೋದವರು ಮುಖ ಹೋಲುತ್ತದೆ ಅಂತ ಮನೆಯವನನ್ನೇ ಹಿಡಿದಂತೆ. ಎಲ್ಲರಲ್ಲೂ ಹೀಗೇ ಶುರುವಾಗುತ್ತದೆ ಅಂತ ಇದರಿಂದ ಹೇಳಲಾಗುವುದಿಲ್ಲ. ಒಂದು ದಾರಿ ಇದಾಗಿರಬಹುದು, ಅಷ್ಟೆ.

ಹಾಗಾದರೆ ಪ್ರತಿಕಾಯಗಳು ಪೂರ್ತಿ ನಿರಪರಾಧಿಗಳೇ? ಇಂಟ್ರಿನ್ಸಿಕ್ ಫ್ಯಾಕ್ಟರ್ ವಿರುದ್ಧದ ಪ್ರತಿಕಾಯಗಳು ಅಲ್ಲ. ಅವು ಜಠರದ ರಸದಲ್ಲೂ ಇರುತ್ತವೆ. ಒಂದು ಬಗೆಯವು ಬಿ12 ಕೂರಬೇಕಾದ ಜಾಗದಲ್ಲಿ ತಾವೇ ಕೂರುತ್ತವೆ. ಇನ್ನೊಂದು ಬಗೆಯವು ಜೋಡಿಗೆ ಅಂಟಿಕೊಂಡು ಕರುಳಿನ ಬಾಗಿಲು ತೆರೆಯದಂತೆ ಮಾಡುತ್ತವೆ. ಅಳಿದುಳಿದ ಪರೈಟಲ್ ಕೋಶಗಳು ಕಷ್ಟಪಟ್ಟು ತಯಾರಿಸಿದ ಒಂದಿಷ್ಟು ಇಂಟ್ರಿನ್ಸಿಕ್ ಫ್ಯಾಕ್ಟರ್ ಕೂಡ ಹೀಗೆ ಕೆಲಸಕ್ಕೆ ಬಾರದಂತಾಗುತ್ತದೆ.

ಇಲ್ಲಿಗೆ ಒಂದು ಪ್ರಶ್ನೆ ಉಳಿಯಿತು. ಸಾಮಾನ್ಯರಲ್ಲಿ ಟಿ ಕೋಶಗಳು ಯಾಕೆ ಸುಮ್ಮನಿರುತ್ತವೆ? ಇದಕ್ಕೆ ಉತ್ತರ ಹುಡುಕಿದ ದಾರಿಯಲ್ಲಿ ಜಠರಕ್ಕೂ ಒಂದು ಪಾತ್ರವಿದೆ. ಟಿ ಕೋಶಗಳು ಬಲಿಯುವ ಜಾಗ ಥೈಮಸ್ ಗ್ರಂಥಿ. ಹುಟ್ಟಿ 3 ದಿನವಾದ ಇಲಿಮರಿಯಿಂದ ಅದನ್ನು ತೆಗೆದರೆ ಅದರ ರಕ್ಷಣಾ ಶಕ್ತಿ ಕುಗ್ಗಬೇಕು. ಆದರೆ ಆದದ್ದು ಉಲ್ಟಾ. ಮುಂದೆ ಆ ಇಲಿಗಳಲ್ಲಿ ಸ್ವಂತ ಅಂಗಗಳ ಮೇಲೇ ದಾಳಿ ಶುರುವಾಗುತ್ತಿತ್ತು. ಕೆಲವು ತಳಿಯ ಇಲಿಗಳಲ್ಲಿ ಮುಖ್ಯವಾಗಿ ಜಠರವೇ ಹಾಳಾಗುತ್ತಿತ್ತು. ಜಪಾನಿನ ಶಿಮೋನ್ ಸಕಗುಚಿ ಇದರ ಬೆನ್ನು ಹತ್ತಿದರು. ದಾಳಿಗಾರರನ್ನು ಹಿಡಿದಿಡುವ ಒಂದು ಬಗೆಯ ಟಿ ಕೋಶಗಳು ಇವೆ ಅಂತ 1995ರಲ್ಲಿ ತೋರಿಸಿದರು. ಥೈಮಸ್ ತೆಗೆದಾಗ ಇಲ್ಲದಂತಾಗುವುದು ಅವೇ. ಆ ಕೋಶಗಳನ್ನು ಬೇರ್ಪಡಿಸಿ ಉಳಿದವನ್ನು ಮಾತ್ರ ಕೊಟ್ಟ ಇಲಿಗಳಿಗೆ ಜಠರ, ಥೈರಾಯ್ಡ್ ಮುಂತಾದ ಅಂಗಗಳಲ್ಲಿ ಉರಿಯೂತ ಬಂತು. ಅವನ್ನು ವಾಪಸು ಕೊಟ್ಟರೆ ಬರಲಿಲ್ಲ. ಇವೇ ಇಂದು ರೆಗ್ಯುಲೇಟರಿ ಟಿ ಕೋಶಗಳು ಅಂತ ಹೆಸರಾಗಿವೆ. 2025ರ ವೈದ್ಯಕೀಯ ನೊಬೆಲ್ ಸಕಗುಚಿ ಅವರಿಗೂ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ಸಿಕ್ಕಿದ್ದು ಈ ಸಾಲಿನ ಕೆಲಸಕ್ಕೆ.

ಅಂದಹಾಗೆ, ಇದೇ ಕಾಯಿಲೆಗೆ ಲಿವರ್ ತಿನ್ನಿಸಿ ಗುಣಪಡಿಸಿದ್ದಕ್ಕೆ 1934ರಲ್ಲೂ ಒಂದು ನೊಬೆಲ್ ಬಂದಿತ್ತು. ವಿಪ್ಪಲ್, ಮೈನಾಟ್, ಮರ್ಫಿ ಮೂವರಿಗೆ. ಬಿ12ನ ರಚನೆ ಬಿಡಿಸಿದ್ದೂ ಸೇರಿದಂತೆ ಡೊರೊಥಿ ಹಾಡ್ಜ್‌ಕಿನ್ ಅವರ ಕೆಲಸಕ್ಕೆ 1964ರಲ್ಲಿ ಇನ್ನೊಂದು. ಕಾಯಿಲೆಯ ಅದೃಷ್ಟ ದೊಡ್ಡದು, ರೋಗಿಗಳದ್ದು ಅಷ್ಟಕ್ಕಷ್ಟೇ.

ರೆಗ್ಯುಲೇಟರಿ ಟಿ ಕೋಶಗಳೆಂಬ ಕಾವಲಿನವರು ಸೋತರೆ ಒಂದೇ ಅಂಗಕ್ಕೆ ಏಟು ಬೀಳಬೇಕು ಅಂತಿಲ್ಲ. ಪರ್ನಿಶಿಯಸ್ ಅನೀಮಿಯಾ ಇರುವವರಲ್ಲಿ ಆಟೊಇಮ್ಯೂನ್ (ರಕ್ಷಣಾ ಕೋಶಗಳು ಸ್ವಂತ ಮೈಯನ್ನೇ ಹೊಡೆಯುವ) ಥೈರಾಯ್ಡ್ ಕಾಯಿಲೆ, ಟೈಪ್ 1 ಸಕ್ಕರೆ ಕಾಯಿಲೆ, ತೊನ್ನು ಜಾಸ್ತಿ ಕಾಣುವುದು ಇದಕ್ಕೇ ಇರಬೇಕು. ಥೈರಾಯ್ಡ್ ತೊಂದರೆ ಇರುವವರು ವಿಪರೀತ ಸುಸ್ತು ಅಂದಾಗ ಮಾತ್ರೆಯ ಡೋಸ್ ಏರಿಸುವ ಮೊದಲು ಬಿ12 ಕೂಡ ನೋಡುವುದು ಒಳ್ಳೆಯದು.

ರಕ್ತದಲ್ಲಿ ಕಾಣುವುದೇನು?

ಈಗ ರಕ್ತಕ್ಕೆ ಬರೋಣ. ಬಿ12 ಇಲ್ಲದಿದ್ದರೆ ಕೋಶಗಳಲ್ಲಿ ಡಿಎನ್‌ಎ ತಯಾರಿ ಕುಂಟುತ್ತದೆ. ಫೋಲೇಟ್ ಎಂಬ ಇನ್ನೊಂದು ವಿಟಮಿನ್ ಕೆಲಸಕ್ಕೆ ಬಾರದ ರೂಪದಲ್ಲಿ ಸಿಕ್ಕಿಬೀಳುವುದೇ ಇದಕ್ಕೆ ಕಾರಣ. ಕೋಶ ದೊಡ್ಡದಾಗಿ ಬೆಳೆಯುತ್ತದೆ, ಆದರೆ ಎರಡಾಗಿ ಒಡೆಯಲು ಆಗುವುದಿಲ್ಲ. ಹೆಚ್ಚು ವೇಗವಾಗಿ ಒಡೆಯಬೇಕಾದ ಕೋಶಗಳಿಗೆ ಮೊದಲು ಏಟು. ಮೂಳೆಮಜ್ಜೆಯಲ್ಲಿ ಕೆಂಪು ಕಣಗಳಾಗಬೇಕಾದವು ದಢೂತಿಯಾಗಿ, ಬಲಿಯದೆ, ಅಲ್ಲೇ ಸಾಯುತ್ತವೆ. ರಕ್ತಹೀನತೆ ಬರುವುದು ಹೀಗೆ. ಚರ್ಮ ಬಿಳಿಚಿಕೊಳ್ಳುವುದರ ಜೊತೆಗೆ ತುಸು ಹಳದಿಯಾಗುವುದೂ ಈ ಕೋಶಗಳು ಒಡೆಯುವುದರಿಂದಲೇ.

ಬಿಳಿ ಕಣಗಳೂ ಇದೇ ಮಜ್ಜೆಯಿಂದ ಬರಬೇಕು. ಹಾಗಾಗಿ ಅವುಗಳ ಮೇಲೂ ಗುರುತು ಬೀಳುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ಕಣದ ಕೋಶಕೇಂದ್ರ ಸಾಮಾನ್ಯವಾಗಿ 3 ಅಥವಾ 4 ತುಂಡಾಗಿ ಕಾಣುತ್ತದೆ. ಬಿ12 ಕೊರತೆಯಲ್ಲಿ 5, 6, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಸೂಕ್ಷ್ಮದರ್ಶಕ ನೋಡಿ ಪಳಗಿದವರಿಗೆ ಇದು ಹಳೆಯ ಗುರುತು. ನ್ಯೂಟ್ರೋಫಿಲ್ ಸಂಖ್ಯೆಯೂ ಇಳಿದಿರಬಹುದು.

ಟಿ ಕೋಶಗಳೂ ಸೇರುವ ಲಿಂಫೋಸೈಟ್ ಎಂಬ ಬಿಳಿ ಕಣಗಳ ವಿಷಯ ಇನ್ನೂ ಸ್ವಾರಸ್ಯಕರ. 1980ರ ದಶಕದಿಂದಲೇ ಪರ್ನಿಶಿಯಸ್ ಅನೀಮಿಯಾ ರೋಗಿಗಳ ರಕ್ತದಲ್ಲಿ ಸಿಡಿ8 ಗುಂಪಿನ ಟಿ ಕೋಶಗಳು ಕಡಿಮೆ ಇರುವುದು ಕಂಡುಬಂದಿದೆ. ಸಿಡಿ4 ಅಷ್ಟಾಗಿ ಇಳಿಯದೆ ಸಿಡಿ8 ಇಳಿದಾಗ ಇವೆರಡರ ಅನುಪಾತ ಮೇಲೇರುತ್ತದೆ. ಆಗ ಸಿಡಿ8 ಕೋಶಗಳಿಗೆ 'ದಮನ ಮಾಡುವ ಕೋಶಗಳು' ಅನ್ನುವ ಹೆಸರಿತ್ತು. ಹಾಗಾಗಿ ವಿವರಣೆ ತಾನಾಗಿ ಹೊಳೆಯಿತು: ತಡೆಯುವವರು ಕಡಿಮೆ ಆಗಿದ್ದಾರೆ, ಅದಕ್ಕೇ ದಾಳಿ ನಡೆಯುತ್ತಿದೆ. ಕೇಳಲು ಎಷ್ಟು ಚೆನ್ನಾಗಿದೆ!

1999ರಲ್ಲಿ ಜಪಾನಿನ ಒಂದು ತಂಡ ಬಿ12 ಕೊರತೆಯ ರೋಗಿಗಳ ಮೇಲೆ ಮಾಡಿದ ಅಧ್ಯಯನ ಈ ಕತೆಗೆ ಬೇರೆ ತಿರುವು ಕೊಟ್ಟಿತು. ರೋಗಿಗಳಲ್ಲಿ ಸಿಡಿ8 ಕೋಶ ಕಡಿಮೆ ಇದ್ದದ್ದು ನಿಜ. ಅನುಪಾತ ಏರಿದ್ದೂ ನಿಜ. ವೈರಸ್ ಹೊಕ್ಕ ಕೋಶ, ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ನ್ಯಾಚುರಲ್ ಕಿಲ್ಲರ್ ಕೋಶಗಳ ಚುರುಕೂ ತಗ್ಗಿತ್ತು. ಆದರೆ ಮೀಥೈಲ್ ಬಿ12 ಇಂಜೆಕ್ಷನ್ ಕೊಟ್ಟ ಮೇಲೆ ಸಿಡಿ8 ಸಂಖ್ಯೆ ಏರಿತು, ಅನುಪಾತ ಕೆಳಗಿಳಿಯಿತು, ಕಿಲ್ಲರ್ ಕೋಶಗಳು ಚುರುಕಾದವು. ಪರ್ನಿಶಿಯಸ್ ಅನೀಮಿಯಾ ರೋಗಿಗಳನ್ನೇ ನೋಡಿದ, 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲೂ ಬಿ12 ಕೊಟ್ಟ ಮೇಲೆ ಇದೇ ದಿಕ್ಕಿನ ಬದಲಾವಣೆ ಕಂಡಿತು.

ವಿಟಮಿನ್ ಕೊಟ್ಟರೆ ಸರಿಹೋಗುತ್ತದೆ ಅಂದರೆ ಅದು ವಿಟಮಿನ್ ಇಲ್ಲದ್ದರಿಂದ ಆದದ್ದು. ಸಿಡಿ8 ಕೋಶಗಳು ಸೋಂಕು ಬಂದಾಗ ಮೈಯಲ್ಲೇ ಅತ್ಯಂತ ವೇಗವಾಗಿ ದ್ವಿಗುಣಗೊಳ್ಳುವ ಕೋಶಗಳಲ್ಲಿ ಸೇರುತ್ತವೆ. ಡಿಎನ್‌ಎ ತಯಾರಿ ನಿಧಾನವಾದರೆ ಅವು ಮೊದಲು ಸೊರಗುವುದು ತರ್ಕಕ್ಕೆ ಕೂಡುತ್ತದೆ. ಇಂಜೆಕ್ಷನ್ ನಂತರ ಹೊಟ್ಟೆ ಸರಿಹೋಗಿದ್ದರೆ 'ತಡೆಯುವವರು ಕಡಿಮೆ' ಎಂಬ ಹಳೆಯ ವಾದ ಉಳಿಯುತ್ತಿತ್ತು. ಹಾಗಾಗುವುದಿಲ್ಲ. ಸಿಡಿ8 ಲೆಕ್ಕ ನೆಟ್ಟಗಾದ ಮೇಲೂ ಪರೈಟಲ್ ಕೋಶಗಳು ವಾಪಸು ಬರುವುದಿಲ್ಲ, ಇಂಜೆಕ್ಷನ್ ನಿಲ್ಲಿಸಿದರೆ ಕೊರತೆ ಮರಳುತ್ತದೆ. ತಡೆಯುವ ಕೆಲಸ ಮುಖ್ಯವಾಗಿ ಸಕಗುಚಿ ಗುರುತಿಸಿದ ಆ ಇನ್ನೊಂದು ಗುಂಪಿನದು ಅಂತ ಈಗ ಗೊತ್ತಿದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇಂಥ ಅಧ್ಯಯನಗಳನ್ನು ತೋರಿಸಿ 'ಬಿ12 ತಗೊಳ್ಳಿ, ಇಮ್ಯೂನಿಟಿ ಏರುತ್ತದೆ' ಅಂತ ಮಾರುವವರು ಇದ್ದಾರೆ. ಇವೆಲ್ಲ ಕಡಿಮೆ ಜನರ ಮೇಲೆ ನಡೆದ ಸಣ್ಣ ಅಧ್ಯಯನಗಳು. ರಕ್ತದ ಒಂದು ಹನಿಯಲ್ಲಿ ಕೋಶಗಳ ಸಂಖ್ಯೆ ಏರಿತು ಅನ್ನುವುದಕ್ಕೂ ಮನುಷ್ಯನಿಗೆ ಕಾಯಿಲೆ ಕಡಿಮೆ ಬಂತು ಅನ್ನುವುದಕ್ಕೂ ಬಹಳ ದೂರ ಇದೆ. ಖಾಲಿ ಟ್ಯಾಂಕ್ ತುಂಬಿದರೆ ಗಾಡಿ ಓಡುತ್ತದೆ. ತುಂಬಿದ ಟ್ಯಾಂಕಿಗೆ ಮತ್ತೆ ಸುರಿದರೆ ಎರಡರಷ್ಟು ವೇಗ ಬರುವುದಿಲ್ಲ.

ಗುಟ್ಟಾಗಿ ನಡೆಯುವ ಕಾಯಿಲೆ

ದಿನಕ್ಕೆ ನಮಗೆ ಬೇಕಾದ ಬಿ12 ಸುಮಾರು 2.4 ಮೈಕ್ರೋಗ್ರಾಂ. ಮೈಯಲ್ಲಿ, ಹೆಚ್ಚಾಗಿ ಲಿವರಿನಲ್ಲಿ, 2ರಿಂದ 5 ಮಿಲಿಗ್ರಾಂ ದಾಸ್ತಾನು ಇರುತ್ತದೆ. ಅದು ವರ್ಷಗಟ್ಟಲೆ ಸಾಕು. ಆದ್ದರಿಂದ ಜಠರ ಹಾಳಾಗಲು ಶುರುವಾಗಿ ಎಷ್ಟೋ ವರ್ಷಗಳ ತನಕ ರಕ್ತದಲ್ಲಿ ಏನೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಆಮ್ಲ ಕಡಿಮೆಯಾಗಿರುತ್ತದೆ. ಆಮ್ಲ ಇಲ್ಲದಿದ್ದರೆ ಕಬ್ಬಿಣದ ಅಂಶ ಸರಿಯಾಗಿ ಸೇರುವುದಿಲ್ಲ. ಹಾಗಾಗಿ ಮೊದಲು ಕಾಣಿಸುವುದು ಕಬ್ಬಿಣದ ಕೊರತೆ ಆಗಿರಬಹುದು, ಅದರಲ್ಲೂ ಚಿಕ್ಕ ವಯಸ್ಸಿನ ಹೆಂಗಸರಲ್ಲಿ. ಮುಟ್ಟಿನ ರಕ್ತಸ್ರಾವವೇ ಕಾರಣ ಅಂದುಕೊಂಡು ಕಬ್ಬಿಣದ ಮಾತ್ರೆ ಕೊಡುತ್ತಾರೆ, ಅದು ನಾಟುವುದಿಲ್ಲ. ಇನ್ನೂ ಒಂದು ಚಮತ್ಕಾರ ನಡೆಯುತ್ತದೆ. ಕಬ್ಬಿಣ ಕಡಿಮೆಯಾದರೆ ಕೆಂಪು ಕಣ ಚಿಕ್ಕದು, ಬಿ12 ಕಡಿಮೆಯಾದರೆ ದೊಡ್ಡದು. ಎರಡೂ ಒಟ್ಟಿಗೆ ಇದ್ದರೆ ಸರಾಸರಿ ಗಾತ್ರ ನಾರ್ಮಲ್! ರಿಪೋರ್ಟ್ ನೋಡಿದವರು ನಿರಾಳವಾಗುತ್ತಾರೆ.

ಕಾಯಿಲೆ ಅಷ್ಟೇನೂ ಅಪರೂಪವಲ್ಲ. 60 ದಾಟಿದವರಲ್ಲಿ ನೂರಕ್ಕೆ ಸುಮಾರು 2 ಜನರಲ್ಲಿ ಯಾರಿಗೂ ಗೊತ್ತಾಗದ ಪರ್ನಿಶಿಯಸ್ ಅನೀಮಿಯಾ ಇತ್ತು ಅಂತ 1996ರ ಅಮೆರಿಕದ ಅಧ್ಯಯನವೊಂದು ಹೇಳಿತು.

ಪತ್ತೆ ಹಚ್ಚುವುದರಲ್ಲೂ ಪ್ರತಿಕಾಯಗಳು ಕೈಯಾಡಿಸುತ್ತವೆ. ಎಷ್ಟೋ ಲ್ಯಾಬ್‌ಗಳಲ್ಲಿ ಬಿ12 ಅಳೆಯುವ ಯಂತ್ರ ಬಳಸುವುದು ಇಂಟ್ರಿನ್ಸಿಕ್ ಫ್ಯಾಕ್ಟರನ್ನೇ. ಅದು ಬಿ12 ಅನ್ನು ಹಿಡಿಯುತ್ತದೆ, ಹಿಡಿದದ್ದನ್ನು ಲೆಕ್ಕ ಹಾಕುತ್ತಾರೆ. ರೋಗಿಯ ರಕ್ತದಲ್ಲಿ ಇಂಟ್ರಿನ್ಸಿಕ್ ಫ್ಯಾಕ್ಟರ್ ವಿರುದ್ಧದ ಪ್ರತಿಕಾಯ ಇದ್ದರೆ ಅದು ಯಂತ್ರದೊಳಗೂ ತನ್ನ ಕೆಲಸ ಮುಂದುವರಿಸುತ್ತದೆ. ಪ್ರತಿಕಾಯವನ್ನು ಮೊದಲೇ ಸರಿಯಾಗಿ ನಿಷ್ಕ್ರಿಯ ಮಾಡದಿದ್ದರೆ, ತಳ ಮುಟ್ಟಿದ ಬಿ12 ಕೂಡ ನಾರ್ಮಲ್ ಅಂತ ಬರಬಹುದು. 2012ರಲ್ಲಿ ಈ ಎಡವಟ್ಟು ದೊಡ್ಡ ಸುದ್ದಿಯಾಯಿತು. ಹೊಟ್ಟೆಯಲ್ಲಿ ಮೋಸ ಮಾಡಿದ್ದೇ ಲ್ಯಾಬಿನಲ್ಲೂ ಮೋಸ ಮಾಡುತ್ತದೆ. ರೋಗಲಕ್ಷಣ ಸ್ಪಷ್ಟವಾಗಿದ್ದು ರಿಪೋರ್ಟ್ ಮಾತ್ರ ಚೆನ್ನಾಗಿದ್ದರೆ ಮೀಥೈಲ್‌ಮಲೋನಿಕ್ ಆಮ್ಲ, ಹೋಮೋಸಿಸ್ಟೀನ್ ಪರೀಕ್ಷೆ ಕೇಳುವುದು ಇದಕ್ಕೇ. ಬಿ12 ಕೆಲಸ ಮಾಡದಿದ್ದರೆ ಇವೆರಡೂ ರಕ್ತದಲ್ಲಿ ಏರುತ್ತವೆ.

ಇಂಟ್ರಿನ್ಸಿಕ್ ಫ್ಯಾಕ್ಟರ್ ಪ್ರತಿಕಾಯ ಪರೀಕ್ಷೆಯ ಬಗ್ಗೆ ಒಂದು ಮಾತು. ಅದು ಪಾಸಿಟಿವ್ ಬಂದರೆ ಕಾಯಿಲೆ ಬಹುತೇಕ ಖಚಿತ. ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಅಂತ ಅರ್ಥವಲ್ಲ, ಯಾಕೆಂದರೆ ಎಷ್ಟೋ ರೋಗಿಗಳಲ್ಲಿ ಆ ಪ್ರತಿಕಾಯವೇ ಇರುವುದಿಲ್ಲ. ಪರೈಟಲ್ ಕೋಶದ ಪ್ರತಿಕಾಯದ್ದು ಇದಕ್ಕೆ ತಿರುಗುಮುರುಗು. ಜಾಸ್ತಿ ರೋಗಿಗಳಲ್ಲಿ ಸಿಗುತ್ತದೆ, ಕಾಯಿಲೆ ಇಲ್ಲದವರಲ್ಲೂ ಸಿಗುತ್ತದೆ.

ಚಿಕಿತ್ಸೆ ಸರಳ. ಬಿ12 ಇಂಜೆಕ್ಷನ್, ಜೀವನಪೂರ್ತಿ. ಬ್ರಿಟನ್ನಿನ ನೈಸ್ ಸಂಸ್ಥೆ 2024ರ ಮಾರ್ಗಸೂಚಿಯಲ್ಲೂ ಜಠರದ ಆಟೊಇಮ್ಯೂನ್ ಕಾಯಿಲೆ ಇರುವವರಿಗೆ ಇದನ್ನೇ ಹೇಳಿದೆ. ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆಯೂ ಹಲವರಲ್ಲಿ ಕೆಲಸ ಮಾಡುತ್ತದೆ. ಮೊದಲು ಹೇಳಿದ ಆ ನೂರಕ್ಕೆ 1 ಪಾಲಿನ ನುಸುಳುವಿಕೆ ನೆನಪಿದೆಯಲ್ಲ, ಅದರ ಲೆಕ್ಕ ಇದು. ಬಿ12 ಸರಿಪಡಿಸದೆ ಫೋಲಿಕ್ ಆಮ್ಲದ ಮಾತ್ರೆ ಮಾತ್ರ ನುಂಗುವುದು ಅಪಾಯ. ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರಗಳು, ಬೆನ್ನುಹುರಿ ಹಾಳಾಗುತ್ತಾ ಹೋಗುತ್ತವೆ.

ಮೂಲ ಜಗಳವನ್ನೇ ನಿಲ್ಲಿಸಬಹುದಲ್ಲ? ಹಿಂದೆ ಸ್ಟೀರಾಯ್ಡ್ ಕೊಟ್ಟು ನೋಡಿದಾಗ ಕೆಲವರಲ್ಲಿ ಪರೈಟಲ್ ಕೋಶಗಳು ಸ್ವಲ್ಪ ಮಟ್ಟಿಗೆ ಮರಳಿದ್ದವು. ಇದು ರಕ್ಷಣಾ ಕೋಶಗಳದ್ದೇ ಕೆಲಸ ಅನ್ನುವುದಕ್ಕೆ ಅದೂ ಒಂದು ಪುರಾವೆ. ಆದರೆ ಜೀವನವಿಡೀ ಸ್ಟೀರಾಯ್ಡ್ ತಿನ್ನುವುದಕ್ಕಿಂತ ಬಿ12 ಚುಚ್ಚಿಸಿಕೊಳ್ಳುವುದು ಎಷ್ಟೋ ಪಾಲು ಮೇಲು. ಹಾಗಾಗಿ ಆ ದಾರಿ ಅಲ್ಲಿಗೇ ನಿಂತಿತು. ಸರಿಯಾದ ತೀರ್ಮಾನವೇ. ಅದರ ಬೆಲೆ ಏನೆಂದರೆ, ಜಠರದಲ್ಲಿ ಆಮ್ಲ ಇಲ್ಲದಿರುವುದು ಹಾಗೇ ಉಳಿಯುತ್ತದೆ. ಆಮ್ಲ ಬೇಕು ಬೇಕು ಅಂತ ಕೂಗುವ ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಏರುತ್ತಲೇ ಇರುತ್ತದೆ. ಅದರ ಒತ್ತಡಕ್ಕೆ ಜಠರದ ಕೆಲವು ಕೋಶಗಳು ಬೆಳೆದು ಸಣ್ಣ ಗಂಟುಗಳಾಗಬಹುದು. ಬಹುಪಾಲು ನಿಧಾನದವು, ಅಷ್ಟು ಅಪಾಯಕಾರಿ ಅಲ್ಲ. ಜಠರದ ಕ್ಯಾನ್ಸರಿನ ಅಪಾಯವೂ ಉಳಿದವರಿಗಿಂತ ಜಾಸ್ತಿ. ಹಿಮೋಗ್ಲೋಬಿನ್ 14 ಇದೆ ಅಂತ ಖುಷಿಪಡುವ ರೋಗಿಗೆ ಎಂಡೋಸ್ಕೋಪಿಯ ಮಾತು ಯಾರಾದರೂ ಹೇಳಿರಬೇಕು. ಎಷ್ಟೋ ಸಲ ಹೇಳಿರುವುದಿಲ್ಲ.

2024ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇನ್ನೊಂದು ಬಗೆಯ ಆಟೊಇಮ್ಯೂನ್ ಬಿ12 ಕೊರತೆಯನ್ನು ವಿವರಿಸಿದರು. ಇಲ್ಲಿ ಜಠರಕ್ಕೆ ಏನೂ ಆಗಿಲ್ಲ. ಪ್ರತಿಕಾಯದ ಗುರಿ ಸಿಡಿ320 ಎಂಬ ಗ್ರಾಹಕ. ರಕ್ತದಿಂದ ಮಿದುಳಿನ ಕಡೆಗೆ ಬಿ12 ದಾಟಿಸುವ ಬಾಗಿಲು ಅದು. ಮಾತು ತೊದಲುವ, ಕೈ ನಡುಗುವ, ನಡಿಗೆ ತಪ್ಪುವ ಮಹಿಳೆಯೊಬ್ಬರಲ್ಲಿ ಇದು ಮೊದಲು ಪತ್ತೆಯಾಯಿತು. ಮಿದುಳು, ಬೆನ್ನುಹುರಿ ಸುತ್ತಲಿನ ದ್ರವದಲ್ಲಿ ಬಿ12 ಇಲ್ಲವೆನ್ನುವಷ್ಟು ಕಡಿಮೆ ಇತ್ತು. ರಕ್ತಕಣಗಳಿಗೆ ಬಿ12 ಪಡೆಯಲು ಇನ್ನೊಂದು ಹಾದಿ ಇರುವುದರಿಂದ ರಕ್ತಹೀನತೆ ಬಂದಿರಲಿಲ್ಲ. ಅವರಿಗೆ ರಕ್ಷಣಾ ಶಕ್ತಿ ತಗ್ಗಿಸುವ ಔಷಧವನ್ನೂ ಹೆಚ್ಚಿನ ಪ್ರಮಾಣದ ಬಿ12 ಅನ್ನೂ ಜೊತೆಯಾಗಿ ಕೊಟ್ಟ ಮೇಲೆ ಆ ದ್ರವದಲ್ಲಿ ಬಿ12 ಏರಿತು, ತೊಂದರೆಗಳೂ ಕಡಿಮೆಯಾದವು. ಚಿಕಿತ್ಸೆಗೆ ಮೊದಲು ಅವರ ರಕ್ತದ ಬಿ12 ರಿಪೋರ್ಟ್ ನೋಡಿದ್ದರೆ ಯಾರೂ ಎರಡನೇ ಸಲ ತಿರುವಿ ನೋಡುತ್ತಿರಲಿಲ್ಲ. ಅದು ನಾರ್ಮಲ್ ಇತ್ತು.